ಗೆರೆಯಿಂದ ಎರಡು ಬೆರಳು ಮೇಲೆ

ರಬ್ಬರ್ ಪೈಪನ್ನು ಮೂಗಿನ ಹತ್ತಿರ ಹಿಡಿದು ಅವನು ಮನಸ್ಸಿನಲ್ಲೇ ಐದರವರೆಗೆ ಎಣಿಸಿದ. ಮೂರಕ್ಕೇ ನಿಲ್ಲಿಸಿದರೆ ನೋಡುವವರಿಗೆ ಅನುಮಾನ ಬರುತ್ತದೆ, ಎಂಟಕ್ಕೆ ಹೋದರೆ ನಾಟಕವಾಗುತ್ತದೆ. ಐದು ಸರಿಯಾದ ಅಳತೆ ಎಂದು ಈ ಏಳು ತಿಂಗಳಲ್ಲಿ ಕಂಡುಕೊಂಡಿದ್ದ. ಐದಾದ ಮೇಲೆ ಹುಬ್ಬು ಸ್ವಲ್ಪ ಗಂಟಿಕ್ಕಿ, ಪೈಪನ್ನು ಕೆಳಗಿಟ್ಟು, ವೇಸ್ಟ್ ಬಟ್ಟೆಗೆ ಕೈ ಒರೆಸಿ, ತಲೆಯೆತ್ತಿದ. ಗ್ಯಾರೇಜಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಷಟರು ಅರ್ಧ ಮಾತ್ರ ಮೇಲೇರಿತ್ತು, ಅದರ ಕೆಳಗಿನಿಂದ ಬೆಳಗಿನ ಬಿಸಿಲು ಹೊಸ ನೆಲದ ಮೇಲೆ ಒಂದು ಪಟ್ಟೆಯಷ್ಟು ಒಳಗೆ ಬಂದಿತ್ತು. ಅಣ್ಣ ಬರುವುದಕ್ಕೆ ಇನ್ನೂ ಎರಡು ಗಂಟೆ ಇತ್ತು. ನೋಡುವವರಿದ್ದಾಗ ಮೂಸುವುದು ಹೊಟ್ಟೆಪಾಡು ಎಂದುಕೊಳ್ಳಬಹುದು. ಯಾರೂ ಇಲ್ಲದಾಗಲೂ ಮೂಸಿದೆನಲ್ಲ, ಯಾರಿಗೋಸ್ಕರ ಎಂದು ಕೇಳಿಕೊಂಡಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಊರೆಲ್ಲ ಅವನನ್ನು ಮೂಗಪ್ಪ ಎಂದೇ ಕರೆಯುತ್ತಿತ್ತು. ಸ್ವಂತ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬಾನೆಟ್ ಎತ್ತಿ ಒಂದು ಸಲ ಮೂಸಿದನೆಂದರೆ ಸೋರುತ್ತಿರುವುದು ಬ್ರೇಕಿನ ಎಣ್ಣೆಯೋ ಎಂಜಿನ್ನಿನದೋ, ಸುಟ್ಟಿರುವುದು ಕ್ಲಚ್ಚೋ ವೈರೋ ಎಂದು ಹೇಳಿಬಿಡುತ್ತಿದ್ದ, ಮೀಟರು ಆಮೇಲೆ ಬಂದು ಹೌದೆನ್ನುತ್ತಿತ್ತು. ಅಣ್ಣ ಗಿರಾಕಿಗಳ ಮುಂದೆ ಅದನ್ನು ತನ್ನದೇ ಮೂಗೆಂಬಂತೆ ಹೊಗಳಿಕೊಳ್ಳುತ್ತಿದ್ದ. ಏಳು ತಿಂಗಳ ಹಿಂದೆ ಒಂದು ಜ್ವರ ಬಂತು. ನಾಲ್ಕು ದಿನ ಮಲಗಿಸಿ, ಐದನೆಯ ದಿನ ಎಬ್ಬಿಸಿ ಹೋಯಿತು. ಹೋಗುವಾಗ ವಾಸನೆಯನ್ನು ಕಟ್ಟಿಕೊಂಡು ಹೋಯಿತು. ವಾರದಲ್ಲಿ ಬರುತ್ತದೆ ಎಂದುಕೊಂಡ, ತಿಂಗಳಲ್ಲಿ ಬರುತ್ತದೆ ಎಂದುಕೊಂಡ. ಗೊತ್ತಾದದ್ದು ಹೆಂಡತಿಗೆ ಒಬ್ಬಳಿಗೆ. ಅವಳು ಬಟ್ಟೆ ಹರವಲು ಮೇಲೆ ಹೋಗಿದ್ದಳು, ಅವನು ಒಲೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಮಗಳ ಚಪ್ಪಲಿಗೆ ಅಂಟು ಹಾಕುತ್ತಿದ್ದ. ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕರಕಲಾಗಿ, ಹೊಗೆ ಕಿಟಕಿಯಿಂದ ಹೊರಗೆ ಹೋಗಿ ಅವಳನ್ನೇ ಕರೆದುಕೊಂಡು ಬಂತು. "ರೀ, ನಿಮ್ಮ ಮೂಗಿನ ಕೆಳಗೇ ಸೀದಿದೆಯಲ್ರೀ," ಎಂದವಳಿಗೆ ಅವನ ಮುಖ ನೋಡಿ ಎಲ್ಲ ಗೊತ್ತಾಯಿತು. ಅಣ್ಣಂಗೆ ಹೇಳಿಬಿಡಿ ಎಂದು ಮೂರು ಸಲ ಹೇಳಿದಳು. ನಾಲ್ಕನೆಯ ಸಲದಿಂದ ಹೇಳುವುದನ್ನು ಬಿಟ್ಟಳು, ಅದು ಅವನಿಗೆ ಇನ್ನೂ ಕಷ್ಟವಾಯಿತು.

ಈಗ ಮುಂದೆ ನಿಂತಿದ್ದದ್ದು ನರ್ಸಮ್ಮನ ಕಾರು. ಬಸ್ಸು ತಿರುಗುವ ಕೊನೆಯ ನಿಲ್ದಾಣದಾಚೆಗೆ ಎಷ್ಟು ಮನೆಗಳಿವೆಯೋ ಅಷ್ಟೂ ಮನೆಗಳ ಹೆರಿಗೆ ನೋಡುವವಳು ಅವಳು, ಆ ಕಾರಿನ ಹಿಂದಿನ ಸೀಟಿನಲ್ಲೇ ಎರಡು ಕೂಸು ಹುಟ್ಟಿದ್ದವಂತೆ. ಹೋದ ವಾರ ಕಾರು ಏದುಸಿರು ಬಿಡುತ್ತಿದೆ ಎಂದು ತಂದಿದ್ದಳು. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಪೈಪು ಬಿಚ್ಚಿದರೆ ಒಳಗೆಲ್ಲ ಎಣ್ಣೆ. ಗಾಳಿ ಮಾತ್ರ ಹೋಗಬೇಕಾದ ದಾರಿಯಲ್ಲಿ ಎಣ್ಣೆ ಯಾಕೆ ಬಂತು ಎನ್ನುವುದಕ್ಕೆ ಹತ್ತು ಕಾರಣಗಳಿರಬಹುದು. ಅಣ್ಣ ಪಕ್ಕದಲ್ಲಿ ನಿಂತಿದ್ದ, ಅವಳು ಎದುರಿಗೆ ನಿಂತು ಅವನ ಮೂಗನ್ನೇ ನೋಡುತ್ತಿದ್ದಳು. ಅವನು ಐದು ಎಣಿಸಿ, "ಪಿಸ್ಟನ್ ರಿಂಗು ಹೋಗಿದೆಯಮ್ಮ, ಸುಟ್ಟ ವಾಸನೆ ಬರ್ತಿದೆ, ಎಂಜಿನ್ ಬಿಚ್ಚಬೇಕು," ಎಂದುಬಿಟ್ಟ. ಬಾಯಿಗೆ ಬಂದದ್ದು ಅದು. ಎಷ್ಟು ದಿನ ಎಂದು ಅವಳು ಕೇಳಿದಳು. ಹನ್ನೆರಡು ದಿನ ಎಂದ ಅಣ್ಣ. ಅವಳು ಬೆರಳು ಮಡಿಸಿ ಏನನ್ನೋ ಎಣಿಸಿದಳು, ದಿನ ತುಂಬಿದವರನ್ನಿರಬೇಕು, ಆಮೇಲೆ, "ನಿಮ್ಮ ಮೂಗು ಹೇಳಿದ ಮೇಲೆ ಇನ್ನೇನು," ಎಂದು ಕೀಲಿಕೈ ಅವನ ಅಂಗೈಯಲ್ಲೇ ಇಟ್ಟು ಬಸ್ಸಿಗೆ ನಡೆದು ಹೋದಳು. ಇವತ್ತು ಹನ್ನೊಂದಕ್ಕೆ ಅಣ್ಣ ಬಂದು ಕಪ್ಪಿಗೆ ಸರಪಳಿ ಹಾಕಿ ಎಂಜಿನ್ ಮೇಲೆತ್ತುವುದೆಂದು ನಿಗದಿಯಾಗಿತ್ತು.

ಎತ್ತಿದರೆ ಎಲ್ಲ ಸಲೀಸಾಗಿ ಮುಗಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ರಾತ್ರಿಯೆಲ್ಲ ನಿದ್ದೆಗೆಡಿಸಿದ್ದು ಅದೇ. ಕಾಯಿಲೆ ಯಾವುದೇ ಇರಲಿ, ಎಂಜಿನ್ ಬಿಚ್ಚಿ, ತೊಳೆದು, ರಿಂಗು ಬದಲಾಯಿಸಿ, ಡಬ್ಬಿಯ ಅಳತೆಯಂತೆ ಹೊಸ ಎಣ್ಣೆ ಹೊಯ್ದು ಕೂರಿಸಿದರೆ ಕಾರು ಸರಿಯಾಗಿಯೇ ಓಡುತ್ತದೆ. ಮೂಗಪ್ಪ ಹೇಳಿದ್ದು ನಿಜವಾಯಿತು ಎನ್ನುತ್ತಾರೆ. ಡ್ರಾಯಿಂಗ್ ಮೇಷ್ಟ್ರೂ ಹಾಗೇ ಅಂದರು. ಸ್ಕೂಲಿನಲ್ಲಿ ಅವನ ಕೈ ಹಿಡಿದು ಗೆರೆ ಎಳೆಯಲು ಕಲಿಸಿದ ಮೇಷ್ಟ್ರು, ಈಗ ರಿಟೈರಾದವರು, ನಾಲ್ಕು ತಿಂಗಳ ಹಿಂದೆ ಇದೇ ಜಾಗದಲ್ಲಿ ಅವರ ಕಾರು ನಿಂತಿತ್ತು, ಇದೇ ಪೈಪಿನಲ್ಲಿ ಇದೇ ಎಣ್ಣೆ, ಇದೇ ಐದು ಎಣಿಕೆ. ಬಿಚ್ಚಿದ ಮಧ್ಯಾಹ್ನ ಅಣ್ಣ ಊಟಕ್ಕೆ ಹೋಗಿದ್ದ. ಪಿಸ್ಟನ್ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದರೆ ಅದನ್ನು ಸುತ್ತಿ ಎಣ್ಣೆ ತಡೆಯುವ ರಿಂಗುಗಳು ಮಿರಮಿರ ಮಿಂಚಿದವು. ಉಗುರಿಗೆ ಸಿಗುವಷ್ಟೂ ಸವೆದಿರಲಿಲ್ಲ. ಅವನು ಅವುಗಳನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದನೋ. ಅಣ್ಣನ ಸ್ಕೂಟರಿನ ಸದ್ದು ಕೇಳಿದ್ದೇ ಒಂದೊಂದಾಗಿ ಮುರಿದು ಗುಜರಿ ಡ್ರಮ್ಮಿನ ತಳಕ್ಕೆ ತುರುಕಿದ. ರಿಂಗು ಮುರಿಯುವಾಗ ಬಳೆ ಒಡೆದಷ್ಟೇ ಸದ್ದಾಗುತ್ತದೆ. ಅಣ್ಣ ಕೇಳಿದಾಗ, "ಪೂರ್ತಿ ಹೋಗಿತ್ತು, ತುಂಡಾಗಿತ್ತು," ಎಂದ. ಊಹೆ ತಪ್ಪುವುದು ಯಾರಿಗೂ ತಪ್ಪಿದ್ದಲ್ಲ. ಮುರಿದದ್ದು ಮಾತ್ರ ಬೇರೆ.

ನರ್ಸಮ್ಮನ ಎಂಜಿನ್ ಬಿಚ್ಚುವುದಿಲ್ಲ ಎಂದು ಅವನು ಗಟ್ಟಿಯಾಗಿಯೇ ಹೇಳಿಕೊಂಡ. ಖಾಲಿ ಗ್ಯಾರೇಜಿನಲ್ಲಿ ಮಾತು ತಗಡಿನ ಮಾಡಿಗೆ ತಾಗಿ ಸ್ವಲ್ಪ ಜೋರಾಗೇ ಕೇಳಿಸಿತು. ಎರಡು ಗಂಟೆ ಇದೆ, ಮೂಗಿಲ್ಲದವನು ನೋಡುವ ಹಾಗೆ ನೋಡುತ್ತೇನೆ, ಕಣ್ಣಲ್ಲಿ, ಕೈಯಲ್ಲಿ, ಮೀಟರಿನಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದವನು ಪುಸ್ತಕ ನೋಡಿಕೊಂಡು ಮಾಡುವ ಹಾಗೆ ಒಂದಾದ ಮೇಲೊಂದು. ಇಪ್ಪತ್ತು ವರ್ಷ ಅವನು ಈ ದಾರಿ ತುಳಿದಿರಲಿಲ್ಲ. ಮೂಗು ಅಡ್ಡದಾರಿ ತೋರಿಸುತ್ತಿತ್ತು. ಮೊದಲು ಪೈಪನ್ನು ಒರೆಸಿ, ಒರೆಸಿದ ಬಿಳಿ ಬಟ್ಟೆಯನ್ನು ಬಿಸಿಲಿಗೆ ಹಿಡಿದ. ಸುಟ್ಟ ಎಣ್ಣೆಯಾದರೆ ಮಸಿಯಾಗಿರಬೇಕು. ಇದು ತಿಳಿಯಾಗಿ, ಜೇನಿನ ಬಣ್ಣದಲ್ಲಿತ್ತು. ಕಣ್ಣಿದ್ದವರಿಗೆ ಹೋದ ವಾರವೇ ಕಾಣಬೇಕಿತ್ತು. ಎಣ್ಣೆ ಎಲ್ಲಿಂದ ಶುರುವಾಗಿದೆ ಎಂದು ಬೆರಳು ಹಾಕುತ್ತ ಹೋದ. ಫಿಲ್ಟರಿನ ಕಡೆ ಒಣಗಿತ್ತು, ಎಂಜಿನ್ನಿನ ಆವಿಯನ್ನು ತಂದು ಪೈಪಿಗೆ ಸೇರಿಸುವ ಸಣ್ಣ ಬ್ರೀದರ್ ಕೊಳವೆ ಎಲ್ಲಿ ಕೂಡುತ್ತದೋ ಅಲ್ಲಿಂದ ಮುಂದಕ್ಕೆ ಒದ್ದೆ. ಎಂಜಿನ್ನಿನ ಉಸಿರಿನ ಜೊತೆ ಎಣ್ಣೆ ಬರುತ್ತಿದೆ. ಆ ಕೊಳವೆಯ ತುದಿಯ ವಾಲ್ವನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದ, ಒಳಗಿನ ಗುಂಡು ಗಿಲಕಿಯ ಹಾಗೆ ಕಟಕಟ ಎಂದಿತು, ಕಟ್ಟಿಕೊಂಡಿಲ್ಲ. ಎಂಜಿನ್ ಚಾಲೂ ಮಾಡಿ ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ಸುಮ್ಮನೆ ಮೇಲಿಟ್ಟ. ರಿಂಗು ಹೋಗಿದ್ದರೆ ಒಳಗಿನ ಒತ್ತಡಕ್ಕೆ ಮುಚ್ಚಳ ಕುಣಿಯಬೇಕು. ಮುಚ್ಚಳ ಒಂದಿಷ್ಟು ನಡುಗಿ ಅಲ್ಲೇ ಕೂತಿತ್ತು. ಕೊನೆಗೆ ನಾಲ್ಕೂ ಪ್ಲಗ್ಗು ಬಿಚ್ಚಿ ಒಂದೊಂದೇ ತೂತಿಗೆ ಕಂಪ್ರೆಷನ್ ಮೀಟರ್ ಸಿಕ್ಕಿಸಿ ಸೆಲ್ಫ್ ಹೊಡೆದ. ಏರಿದಲ್ಲೇ ನಿಲ್ಲುವ ಮುಳ್ಳು ಅದು. ನಾಲ್ಕು ಸಲವೂ ಒಂದೇ ಮನೆಯಲ್ಲಿ ನಿಂತಿತು.

ರಿಂಗು ಚೆನ್ನಾಗಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ, ಏಕೆಂದರೆ ಮೇಷ್ಟ್ರ ಕಾರಿಗೆ ಈ ನಲವತ್ತು ನಿಮಿಷ ಕೊಟ್ಟಿದ್ದರೆ ಸಾಕಾಗುತ್ತಿತ್ತು. ಹಾಗಾದರೆ ಎಣ್ಣೆ ಯಾಕೆ? ಎಣ್ಣೆಯ ಮಟ್ಟ ಅಳೆಯುವ ಕಡ್ಡಿ ಎಳೆದು ನೋಡಿದ. ಸರಿಯಾಗಿ ಮೇಲಿನ ಗೆರೆಗೆ ಮುಟ್ಟಿತ್ತು. ಹಿಂದಿನ ಸರ್ವೀಸಿನಲ್ಲಿ ಹಾಕಿದವನು ತಾನೇ, ಗೆರೆ ಮುಟ್ಟುವವರೆಗೆ ಹಾಕು ಎನ್ನುವುದು ಅಪ್ಪನ ಕಾಲದಿಂದ ಈ ಗ್ಯಾರೇಜಿನ ಪಾಠ. ಎಲ್ಲ ಸರಿಯಿದೆ, ಆದರೂ ಎಣ್ಣೆ ಬರುತ್ತಿದೆ. ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು. ಹನ್ನೊಂದಾಗುವ ಮೊದಲೇ ಹೊರಗೆ ಸ್ಕೂಟರು ನಿಂತ ಸದ್ದಾಯಿತು, ಷಟರು ಗಡಗಡ ಪೂರ್ತಿ ಮೇಲೇರಿತು, ಬೆಚ್ಚಿದ ಅವನ ಕೈಯಿಂದ ಪ್ಲಗ್ಗಿನ ಸ್ಪಾನರು ಕೆಳಗೆ ಬಿತ್ತು.

"ಏನೋ, ಪ್ಲಗ್ಗು ಆಗಲೇ ಬಿಚ್ಚಿದೀಯ? ಭೇಷ್," ಎಂದ ಅಣ್ಣ. "ಬಾ, ಕಪ್ಪಿ ಇಳಿಸೋಣ."

ದುಂಡನೆಯ ಸ್ಪಾನರು ನೆಲದ ಮೇಲೆ ಉರುಳುತ್ತ ಅಣ್ಣನ ಕಾಲ ಪಕ್ಕದಿಂದ ಹೋಗಿ ಬಾಗಿಲ ಬಳಿಯ ಚರಂಡಿಗೆ ಬಿತ್ತು. ಅಣ್ಣ ಅದನ್ನು ನೋಡದೆಯೇ ಬಗ್ಗಿ ಎತ್ತಿಕೊಂಡ. ಈ ಗ್ಯಾರೇಜಿನಲ್ಲಿ ಕೈಜಾರಿದ ನಟ್ಟನ್ನು ಯಾರೂ ಕಾರಿನ ಕೆಳಗೆ ಹುಡುಕುವುದಿಲ್ಲ, ನೆಟ್ಟಗೆ ಚರಂಡಿಗೆ ಹೋಗಿ ತರುತ್ತಾರೆ; ಹತ್ತು ತಿಂಗಳ ಹಿಂದೆ ಅಣ್ಣ ನಿಂತು ಹಾಕಿಸಿದ ನೆಲ, ತೊಳೆದ ನೀರು ತಾನಾಗಿಯೇ ಹೊರಗೆ ಹರಿಯಲಿ ಎಂದು ಇಳಿಜಾರು ಕೊಟ್ಟು ಹಾಕಿಸಿದ್ದು. ನೆಲ ಹೊಸದಾದ ದಿನ ಒಂದು ಚೊಂಬು ನೀರು ಚೆಲ್ಲಿ, ಹರಿದು ಹೋಗುವುದನ್ನು ಮಕ್ಕಳ ಹಾಗೆ ನಿಂತು ನೋಡಿದ್ದರು. ನೀರು ಹರಿಯುತ್ತದೆ, ನಟ್ಟು ಉರುಳುತ್ತದೆ. ಎಂಜಿನ್ನಿನೊಳಗಿನ ಎಣ್ಣೆ?

ಅವನು ಕಾರನ್ನು ನೋಡಿದ. ಮೂತಿ ಒಳಗೆ, ಹಿಂಭಾಗ ಬಾಗಿಲಿಗೆ. ಮೂತಿ ಮೇಲೆ, ಹಿಂಭಾಗ ಕೆಳಗೆ. ಕಡ್ಡಿ ಇರುವುದು ಮೂತಿಯ ಕಡೆ. ಎಣ್ಣೆಯೆಲ್ಲ ಹಿಂದಕ್ಕೆ ಜಾರಿ ಕೂತರೆ ಕಡ್ಡಿಗೆ ತಗಲುವುದು ಕಡಿಮೆ. ಕಡಿಮೆ ಇದೆ ಎಂದು ನಾವು ಗೆರೆ ಮುಟ್ಟುವವರೆಗೆ ಹಾಕುತ್ತಿದ್ದೇವೆ, ಹತ್ತು ತಿಂಗಳಿಂದ. ಹೆಚ್ಚಾದ ಎಣ್ಣೆಯನ್ನು ಒಳಗೆ ತಿರುಗುವ ಕ್ರ್ಯಾಂಕು ಮಜ್ಜಿಗೆಯ ಹಾಗೆ ಕಡೆದು ನೊರೆ ಎಬ್ಬಿಸಿ ಉಸಿರಿನ ಜೊತೆ ಮೇಲಕ್ಕೆ ಕಳಿಸುತ್ತದೆ. "ಈ ವರ್ಷ ಯಾಕೋ ಎಲ್ಲರ ಗಾಡೀನೂ ಎಣ್ಣೆ ಕಕ್ತಿದೆ ಕಣೋ," ಎಂದು ಅಣ್ಣ ಹೋದ ತಿಂಗಳು ಸಂತೋಷದಿಂದಲೇ ಹೇಳಿದ್ದ.

"ಕಪ್ಪಿ ಬೇಡ ಅಣ್ಣ. ಗಾಡೀನ ರಸ್ತೆಗೆ ತಳ್ಳಬೇಕು."

"ಯಾಕೆ?"

"ನಮ್ಮ ನೆಲ ಡೊಂಕಿದೆ."

ಅಣ್ಣ ಒಂದು ಗಳಿಗೆ ಅವನನ್ನೇ ನೋಡಿ ಹೊಟ್ಟೆ ಕುಲುಕಿಸಿ ನಕ್ಕ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ರಿಂಗು ಹೋಗಿದೆ ಅಂತ ನೀನೇ ಹೇಳ್ದೆ, ಈಗ ನನ್ನ ನೆಲದ ಮೇಲೆ ಹಾಕ್ತೀಯಾ?"

"ನಗು ಆಮೇಲೆ. ಒಂದು ಕೈ ಕೊಡು."

ಅವನು ಅಣ್ಣನಿಗೆ ಹೀಗೆ ಹೇಳಿದ್ದು ಹುಟ್ಟಿದಾರಭ್ಯ ಇದೇ ಮೊದಲು. ಅಣ್ಣನಿಗೂ ಅದು ಹೊಸದಾಗಿ ಕಂಡಿರಬೇಕು, ಬೈದುಕೊಳ್ಳುತ್ತಲೇ ಕೈ ಕೊಟ್ಟ. ಪ್ಲಗ್ಗು ಹಾಕಿ, ಕಾರನ್ನು ಹಿಂದಕ್ಕೆ ಬಿಟ್ಟು, ಎದುರಿನ ಸಪಾಟು ರಸ್ತೆಯಲ್ಲಿ ನಿಲ್ಲಿಸಿ, ಎಣ್ಣೆ ತನ್ನ ಜಾಗಕ್ಕೆ ಬರಲಿ ಎಂದು ಹತ್ತು ನಿಮಿಷ ಕಾದರು. ಬೇಕರಿಯವನು ಹೊರಗೆ ಬಂದು ಏನಾಯಿತೆಂದು ಕೇಳಿದ, ಏನಿಲ್ಲ ಎಂದ ಅಣ್ಣ. ಅವನು ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಬಿಟ್ಟು, ಎತ್ತಿದ. ಎಣ್ಣೆ ಗೆರೆ ದಾಟಿ ಎರಡು ಬೆರಳು ಮೇಲೆ ನಿಂತಿತ್ತು. ಅಣ್ಣ ಕಡ್ಡಿಯನ್ನು ಕಿತ್ತುಕೊಂಡು ತಾನೇ ಒರೆಸಿ ತಾನೇ ಇಳಿಬಿಟ್ಟು ನೋಡಿದ. ಎರಡನೆಯ ಸಲವೂ ನೋಡಿದ. ಆಮೇಲೆ ತಿರುಗಿ ತನ್ನ ನೆಲವನ್ನು ನೋಡುತ್ತ ನಿಂತ.

"ಸರಿ," ಎಂದ ಕೊನೆಗೆ, ದನಿ ತಗ್ಗಿಸಿ. "ಎರಡು ಲೋಟ ಇಳಿಸು. ಪೈಪು ತೊಳಿ. ಗಾಡಿ ಕೊಟ್ಟುಬಿಡು. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು. ಎಂಜಿನ್ ಬಿಚ್ಚದೇನೇ ಸರಿಮಾಡಿಬಿಟ್ಟ ಮೂಗಪ್ಪ ಅಂತ ನಿಂಗೇ ಹೆಸರು ಬರುತ್ತೆ. ಏನೂ ಬಾಯಿಬಿಡಬೇಡ."

ಎಂಥ ಸುಲಭ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಎಣ್ಣೆ ಇಳಿಸುತ್ತ ಕಾರಿನ ಕೆಳಗೆ ಅಂಗಾತ ಮಲಗಿದ್ದಾಗ ಅವನಿಗೆ ಆ ಹೆಸರು ಈಗಾಗಲೇ ಕೇಳಿಸಿತು, ಬೇಕರಿಯಲ್ಲಿ, ಬಸ್ ನಿಲ್ದಾಣದಲ್ಲಿ, ಮತ್ತೆ ಐದು ಎಣಿಸುತ್ತ ನಿಂತ ತಾನೂ ಕಾಣಿಸಿದ. ಒಂದು ಸಲ ಒಪ್ಪಿಕೊಂಡರೆ ಜೀವಮಾನವೆಲ್ಲ ಎಣಿಸುತ್ತಿರಬೇಕು. ತಟ್ಟೆಗೆ ಎಣ್ಣೆ ದಾರದ ಹಾಗೆ ಇಳಿಯುತ್ತಿತ್ತು. ಭಯವಾಯಿತು. ಭಯವಾದರೂ ಆಗಲಿ, ಇವತ್ತು ಹೇಳುವುದೇ ಎಂದು ಬೋಲ್ಟು ಬಿಗಿದ.

ಅಣ್ಣ ಫೋನು ಮಾಡಿದ ಅರ್ಧ ಗಂಟೆಯಲ್ಲಿ ನರ್ಸಮ್ಮ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲ ಹೆಗಲಿಗೆ ಹಾಕಿಕೊಂಡು. ಕಾರು ಹೊರಗೆ ನಿಂತದ್ದು ಕಂಡು ಮುಖ ಅರಳಿತು. "ಬಿಚ್ಚೋದೇ ಬೇಡ ಅಂದ್ರಂತೆ? ನಂಗೊತ್ತಿತ್ತು, ನಿಮ್ಮ ಮೂಗಿಗೆ—"

"ನಂಗೆ ವಾಸನೆ ಬರಲ್ಲಮ್ಮ."

ಅವಳು ಅರ್ಥವಾಗದೆ ಅಣ್ಣನ ಕಡೆ ನೋಡಿದಳು.

"ಏಳು ತಿಂಗಳಿಂದ ಏನೂ ಬರಲ್ಲ. ಹೋದ ವಾರ ನಿಮ್ಮ ಗಾಡೀಲಿ ಸುಟ್ಟ ವಾಸನೆ ಬರ್ತಿದೆ ಅಂದೆನಲ್ಲ, ಅದು ಸುಳ್ಳು. ಎಂಜಿನ್ ಚೆನ್ನಾಗಿದೆ. ನಾವೇ ಎಣ್ಣೆ ಜಾಸ್ತಿ ಹಾಕಿದ್ವಿ, ಇಳಿಜಾರಲ್ಲಿ ನಿಲ್ಲಿಸಿ ಅಳೆದು."

ನರ್ಸಮ್ಮ ಚೀಲಕ್ಕೆ ಕೈ ಹಾಕಿ ಸ್ಪಿರಿಟ್ಟಿನ ಸೀಸೆ ತೆಗೆದು, ಹತ್ತಿಗೆ ಅದ್ದಿ, ಅವನ ಒಂದು ಹೊಳ್ಳೆ ಮುಚ್ಚಿ ಇನ್ನೊಂದಕ್ಕೆ ಹಿಡಿದಳು. "ಎಳೀರಿ." ಎಳೆದ. ತಣ್ಣಗೆ ಗಾಳಿ ಹೋಯಿತು, ಅಷ್ಟೇ. ಇನ್ನೊಂದು ಹೊಳ್ಳೆ. ರಸ್ತೆಯ ಮಧ್ಯೆ, ಬೇಕರಿಯವನು ನೋಡುತ್ತಿದ್ದಂತೆ, ಐವತ್ತರ ಹತ್ತಿರದ ಗಂಡಸು ಶಾಲೆಯ ಮಗುವಿನ ಹಾಗೆ ಮುಖ ಎತ್ತಿ ನಿಂತಿದ್ದ. ಅವನು ಎಣಿಸಲಿಲ್ಲ.

"ಡಾಕ್ಟರಿಗೆ ತೋರಿಸಿದ್ರಾ?"

"ಇಲ್ಲ."

"ತೋರಿಸಿ." ಸೀಸೆಯ ಮುಚ್ಚಳ ತಿರುಗಿಸಿದಳು. ಸಿಟ್ಟಿನಿಂದ ಅದನ್ನು ಚೀಲದೊಳಗೆ ತುರುಕಿದಳು. "ಈ ವಾರ ಇಬ್ಬರು ಹೆತ್ತರು. ಒಬ್ಬಳ ಮನೆಗೆ ನಾನು ಬಸ್ಸಿಳಿದು ನಡಕೊಂಡು ಹೋಗೋ ಹೊತ್ತಿಗೆ ಮಗು ಹೊರಗೆ ಬಂದಿತ್ತು, ಅಜ್ಜಿ ಹೊಕ್ಕಳಬಳ್ಳಿ ಹಿಡ್ಕೊಂಡು ನಡುಗ್ತಾ ಕೂತಿದ್ಲು. ಏನೂ ಆಗಲಿಲ್ಲ, ಪುಣ್ಯ. ಹೊಟ್ಟೆಗೆ ಕಿವಿ ಇಟ್ಟಾಗ ಮಗುವಿನ ಸದ್ದು ಸಿಗದಿದ್ರೆ ಸಿಗಲಿಲ್ಲ ಅಂತಲೇ ಹೇಳಬೇಕು. ಸಿಕ್ತು ಅಂದ್ರೆ ನಾನು ಮನುಷ್ಯಳಾ? ನೀವೇ ಹೇಳಿ."

ಅವಳು ಕಾರಿಗೆ ಹತ್ತಿ, ಚಾಲೂ ಮಾಡಿ, ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಇನ್ನಷ್ಟು ಬೈಯದೆ, ಕ್ಷಮಿಸಿಯೂ ಬಿಡದೆ ಹೊರಟು ಹೋದಳು.

ಅಣ್ಣ ಹಳೆಯ ಟೈರಿನ ಮೇಲೆ ಕುಸಿದು ಕೂತಿದ್ದ. "ನಂಗೂ ಹೇಳಲಿಲ್ವಲ್ಲೋ," ಎಂದ. ಆ ದನಿ ಅವನಿಗೆ ಗೊತ್ತಿತ್ತು. ಅಪ್ಪ ಸತ್ತ ಬೆಳಿಗ್ಗೆ ಕೇಳಿದ್ದ. ಆಮೇಲೆ ಅಣ್ಣನ ಕಣ್ಣು ನಿಧಾನವಾಗಿ ಮೇಲೆದ್ದಿತು. "ಮೇಷ್ಟ್ರ ಗಾಡಿ?"

"ರಿಂಗು ಹೊಸದರ ಹಾಗಿತ್ತು. ನೀನು ನೋಡಬಾರದು ಅಂತ ನಾನೇ ಮುರಿದೆ."

"ಹೋಗಬೇಡ," ಎಂದ ಅಣ್ಣ, ಅವನು ಇನ್ನೂ ಹೆಜ್ಜೆಯನ್ನೇ ಕಿತ್ತಿರಲಿಲ್ಲ. "ಮುಗಿದ ಕಥೆ. ಗಾಡಿ ಓಡ್ತಿದೆಯಲ್ಲ."

"ಹೋಗಿ ಬರ್ತೀನಿ. ಅಷ್ಟರಲ್ಲಿ ಆ ಮೂಲೇಲಿ ಎಣ್ಣೆ ಅಳೆಯೋಕೆ ಒಂದು ಸಪಾಟು ಜಾಗ ಗುರುತು ಮಾಡಿರು."

ಮೇಷ್ಟ್ರ ಮನೆಗೆ ಮೂರು ಬೀದಿ. ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡು ನಡೆದೇ ಹೋದ. ಹೋಗುವಾಗ ಮಾತುಗಳನ್ನು ಜೋಡಿಸಿಕೊಳ್ಳಲು ನೋಡಿದ, ಜ್ವರದಿಂದ ಶುರು ಮಾಡಲೇ ಎಂದುಕೊಂಡ, ಜ್ವರದಿಂದ ಶುರು ಮಾಡಿದರೆ ಪಾಪ ಎನ್ನುತ್ತಾರೆ, ಪಾಪ ಎಂದಮೇಲೆ ಉಳಿದದ್ದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಮೇಷ್ಟ್ರು ಜಗಲಿಯ ಕುರ್ಚಿಯಲ್ಲಿ ಕೂತು ಬ್ಲೇಡಿನಲ್ಲಿ ಪೆನ್ಸಿಲ್ ಹೆರೆಯುತ್ತಿದ್ದರು. ಪಕ್ಕದಲ್ಲಿ ಕಾರು, ಹೊದಿಕೆ ಹೊದ್ದುಕೊಂಡು ನಿಂತಿತ್ತು.

"ಬಾರೋ ಮೂಗಪ್ಪ! ಲೇ, ನೋಡಿಲ್ಲಿ, ನಮ್ಮ ಎಂಜಿನ್ ಉಳಿಸಿದ ಪುಣ್ಯಾತ್ಮ ಬಂದಿದಾನೆ, ಕಾಫಿ ಇಡು," ಎಂದು ಒಳಗೆ ಕೂಗಿದರು.

"ಕಾಫಿ ಬೇಡ ಮೇಷ್ಟ್ರೇ. ನಿಮ್ಮ ಎಂಜಿನ್ ಬಿಚ್ಚಬೇಕಾಗಿರಲಿಲ್ಲ. ನನ್ನ ತಪ್ಪು."

"ಹೋಗಲಿ ಬಿಡೋ. ದೊಡ್ಡ ಕೆಲಸಗಾರರಿಗೆಲ್ಲ ಇದೊಂದು ಚಾಳಿ, ಮಾಡಿದ್ದರಲ್ಲೂ ಹುಳುಕು ಹುಡುಕೋದು."

"ಚಾಳಿ ಅಲ್ಲ ಮೇಷ್ಟ್ರೇ. ರಿಂಗು ಚೆನ್ನಾಗಿತ್ತು. ಬಿಚ್ಚಿದ ಮೇಲೆ ನೋಡಿದೆ, ಗೊತ್ತಾಯ್ತು. ಗೊತ್ತಾದ ಮೇಲೆ ಮುರಿದು ಬಿಸಾಕಿ, ತುಂಡಾಗಿತ್ತು ಅಂತ ನಿಮಗೆ ಹೇಳಿದೆ."

ಬ್ಲೇಡು ನಿಂತಿತು. ಮೇಷ್ಟ್ರು ಪೆನ್ಸಿಲ್ಲಿನ ತುದಿಯನ್ನು ನೋಡಿದರು, ಅವನನ್ನು ನೋಡಿದರು, ಹೊದಿಕೆ ಹೊದ್ದ ಕಾರನ್ನು ನೋಡಿದರು. "ಹಾಗಾದ್ರೆ ಅವತ್ತು ಅದಕ್ಕೆ ಏನಾಗಿತ್ತು?"

"ಎಣ್ಣೆ ಜಾಸ್ತಿಯಾಗಿತ್ತು."

"ಅಷ್ಟೇನಾ?"

"ಅಷ್ಟೇ."

ಒಳಗೆ ಪಾತ್ರೆಯ ಸದ್ದೂ ನಿಂತಿತ್ತು. ಮೇಷ್ಟ್ರು ಬ್ಲೇಡನ್ನು ಕುರ್ಚಿಯ ಕೈ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು, ಸ್ಕೂಲಿನಲ್ಲಿ ಹೊಡೆದ ಹಾಗೆ ಸ್ಕೇಲಿನಲ್ಲಿ ಹೊಡೆದಿದ್ದರೂ ಅವನು ಬೆರಳು ಚಾಚುತ್ತಿದ್ದ. "ಮಗಳಿಗೆ ಕೊಡೋಣ ಅಂತಿದ್ದೆ ಆ ಕಾರನ್ನ," ಎಂದರು ಆಮೇಲೆ, ಯಾರಿಗೋ ಬೇರೆಯವರಿಗೆ ಹೇಳುವವರಂತೆ. "ಕಂಕುಳಲ್ಲಿ ಕೂಸು ಇಟ್ಕೊಂಡು ಎರಡು ಬಸ್ಸು ಬದಲಾಯಿಸಿ ಕೆಲಸಕ್ಕೆ ಹೋಗ್ತಾಳೆ. ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಬಿಚ್ಚಿದ ಎಂಜಿನ್ನು, ಕೂಸನ್ನ ಕೂರಿಸ್ಕೊಂಡು ಹೋಗುವಾಗ ದಾರೀಲಿ ಕೈ ಕೊಟ್ರೆ ಅಂತ ಕೊಡಲಿಲ್ಲ. ಅವಳು ನಾನು ಮನಸ್ಸು ಬದಲಾಯಿಸಿದೆ ಅಂದ್ಕೊಂಡಳು. ನಾಲ್ಕು ತಿಂಗಳಾಯ್ತು, ಫೋನಲ್ಲಿ ಊಟ ಆಯ್ತಾ ಅಂತ ಕೇಳ್ತಾಳೆ, ಅಷ್ಟೇ."

ಅವನು ಕಾಲ ಕೆಳಗಿನ ಮೆಟ್ಟಿಲನ್ನು ನೋಡುತ್ತ ನಿಂತ. ಇದು ಅವನ ಎಣಿಕೆಯಲ್ಲಿ ಎಲ್ಲೂ ಇರಲಿಲ್ಲ. ಮೇಷ್ಟ್ರು ಜೇಬಿನಿಂದ ಫೋನು ತೆಗೆದು, ಕನ್ನಡಕ ಮೇಲೆತ್ತಿ, ಒಂದೊಂದೇ ಗುಂಡಿ ಒತ್ತಿ, ಅತ್ತ ಗಂಟೆ ಬಾರಿಸುತ್ತಿದ್ದ ಹಾಗೆಯೇ ಅದನ್ನು ಅವನ ಕೈಗೆ ಕೊಟ್ಟರು.

"ನಂಗೆ ಹೇಳಿದ್ದು ಸಾಕು. ಅವಳಿಗೆ ಹೇಳು."

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ಆ ಕಡೆ ಬಸ್ಸಿನ ಹಾರನ್ನು, ಜನರ ಗದ್ದಲ, ಒಂದು ಕೂಸು ಅಳುವ ಸದ್ದು, ಅದರ ಮೇಲೆ ಅವಸರದ ಹೆಂಗಸಿನ ದನಿ: "ಏನಪ್ಪಾ? ಊಟ ಆಯ್ತಾ?"

"ಅಪ್ಪ ಅಲ್ಲಮ್ಮ, ನಾನು ಗ್ಯಾರೇಜಿನವನು," ಎಂದ ಅವನು. "ನಿಮ್ಮಪ್ಪ ಮಾತು ತಪ್ಪಲಿಲ್ಲ. ನಾನು ಸುಳ್ಳು ಹೇಳಿದ್ದೆ."